ಬಾಣಂತಿ ಕೋಣೆಯ ಡಬಲ್ ಗ್ಲಾಸ್

ಮಗಳ ಮೊದಲ ಬಾಣಂತನ ತವರಿನಲ್ಲೇ ಆಗಬೇಕು ಎಂಬ ವಿಷಯದಲ್ಲಿ ದಮಯಂತಿಗೆ ಯಾವತ್ತೂ ಸಂಶಯ ಇರಲಿಲ್ಲ. ಸಂಶಯ ಇದ್ದದ್ದು ಬೀಗಿತ್ತಿ ಉಷಾರಾಣಿಗೆ.

ಉಷಾರಾಣಿಯ ಮನೆ ಘಟ್ಟದ ಬುಡದ ಸಂಪಾಜೆಯಲ್ಲಿ. ವರ್ಷದ ಹತ್ತು ತಿಂಗಳು ಫ್ಯಾನ್ ತಿರುಗುವ ಊರು ಅದು. ಅಲ್ಲಿಯವರ ಲೆಕ್ಕದಲ್ಲಿ ಘಟ್ಟ ಹತ್ತಿದರೆ ಆಚೆ ಹಿಮಾಲಯವೇ. ನಿಶ್ಚಿತಾರ್ಥದ ಸಮಯದಲ್ಲಿ ಆಕೆ ಒಂದೇ ಒಂದು ರಾತ್ರಿ ಮಡಿಕೇರಿಯ ಹತ್ತಿರ ಕಾಟಕೇರಿಯಲ್ಲಿರುವ ದಮಯಂತಿಯ ಮನೆಯಲ್ಲಿ ಉಳಿದಿದ್ದಳು. ಆ ಒಂದು ರಾತ್ರಿಯ ಕತೆಯನ್ನು ಮುಂದಿನ ಎರಡು ವರ್ಷ ನೆಂಟರ ಎಲ್ಲ ಮದುವೆಗಳಲ್ಲಿ, ಎರಡು ತಿಥಿಯೂಟಗಳಲ್ಲಿ ಹೇಳಿದಳು. ಪ್ರತಿ ಸಲ ಹೇಳುವಾಗಲೂ ಚಳಿ ಒಂದೊಂದು ಡಿಗ್ರಿ ಇಳಿಯುತ್ತಿತ್ತು, ಲಾರಿಗಳ ಸಂಖ್ಯೆ ಏರುತ್ತಿತ್ತು.

ಲಾರಿಯ ಮಾತು ಮಾತ್ರ ಸುಳ್ಳಲ್ಲ. ಮಂಗಳೂರು ರಸ್ತೆ ಸರಿಯಾಗಿ ದಮಯಂತಿಯ ಅಂಗಳದ ಮುಂದೆಯೇ ತಿರುಗುತ್ತದೆ. ಹತ್ತುವ ಲಾರಿ ಅಲ್ಲಿ ಗೇರ್ ಬದಲಾಯಿಸುತ್ತದೆ, ಇಳಿಯುವ ಲಾರಿ ಅಲ್ಲೇ ಬ್ರೇಕ್ ಒತ್ತಿ ಬುಸ್ಸೆನ್ನುತ್ತದೆ. ಮೂವತ್ತು ವರ್ಷದಿಂದ ಮನೆಯವರು ಮಾತಿನ ನಡುವೆ ಲಾರಿಗೆ ಜಾಗ ಬಿಟ್ಟೇ ಮಾತಾಡುತ್ತಿದ್ದರು. ಅದು ಅವರಿಗೆ ಗೊತ್ತೂ ಇರಲಿಲ್ಲ.

ಜೂನ್ ಕೊನೆಯಲ್ಲಿ, ಮಗಳು ಮೋನಿಷಾಗೆ ನಾಲ್ಕು ತಿಂಗಳಾಗಿದ್ದಾಗ, ಉಷಾರಾಣಿಯ ಫೋನ್ ಬಂತು.

"ಅಕ್ಕ, ನಿಮ್ಮಲ್ಲಿ ಏನೋ ಕೊರತೆ ಉಟ್ಟೂಂತ ನಾ ಹೇಳ್ತಾ ಇಲ್ಲೆ," ಎಂದಳು. ಕೊರತೆಯ ಪಟ್ಟಿ ಬರುತ್ತಿದೆ ಎಂದು ದಮಯಂತಿಗೆ ಅರ್ಥವಾಯಿತು. "ಆದರೆ ಆ ಚಳಿಲಿ ಹಸಿ ಮೈಯ ಬಾಳಂತಿ! ಆ ಶಬ್ದಲ್ಲಿ ಕೂಸು ಒಂದು ಗಂಟೆ ನಿದ್ದೆ ಮಾಡೀತಾ? ಇಲ್ಲೇ ಇರಲಿ ಅಲ್ವಾ ಮೋನಿಷಾ. ನೀವೇ ಬನ್ನಿ, ಎಷ್ಟು ದಿನ ಬೇಕಾದರೂ ಇರಿ."

ತನ್ನ ಮಗಳ ಬಾಣಂತನಕ್ಕೆ ತಾನು ನೆಂಟಳಾಗಿ ಹೋಗುವುದು! ದಮಯಂತಿ ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿದಳು. "ಕೋಣೆ ಹೊಸತು ಮಾಡ್ತಾ ಇದ್ದೇವೆ ಅಕ್ಕ," ಎಂದಳು. "ಡಬಲ್ ಗ್ಲಾಸ್ ಕಿಟಕಿ. ಚಳಿಯೂ ಬರೂದಿಲ್ಲೆ, ಶಬ್ದವೂ ಬರೂದಿಲ್ಲೆ."

"ಹಾಗಾದರೆ ಒಮ್ಮೆ ಬಂದು ನೋಡ್ತೆ," ಎಂದಳು ಉಷಾರಾಣಿ. "ಕೋಣೆ ನೋಡಿಯೇ ತೀರ್ಮಾನ ಮಾಡುವ."

ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಗಂಡ ಮೊಣ್ಣಪ್ಪ ಕೇಳಿದ: "ಯಾರು ಮಾಡ್ತಾ ಇದ್ದಾರೆ ಕೋಣೆ ಹೊಸತು?"

"ನೀವು," ಎಂದಳು ದಮಯಂತಿ.

ಮೊಣ್ಣಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತಮೂರು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ನಿವೃತ್ತಿಯಲ್ಲಿ ಬಂದ ದುಡ್ಡಿನ ಮುಕ್ಕಾಲು ಭಾಗ ಮಗಳ ಮದುವೆಗೆ ಹೋಗಿತ್ತು, ಉಳಿದ ಕಾಲು ಭಾಗವನ್ನು ಅವನು ಮುಟ್ಟಲು ಬಿಡುತ್ತಿರಲಿಲ್ಲ. ಡಬಲ್ ಗ್ಲಾಸ್ ಎಂದರೇನೆಂದು ದಮಯಂತಿ ವಿವರಿಸಿದಳು. ಸಂಬಂಧಿಕರ ರಿಸೆಪ್ಶನ್ನಿಗೆ ರೆಸಾರ್ಟೊಂದಕ್ಕೆ ಹೋದಾಗ ನೋಡಿದ್ದಳು: ಒಂದೇ ಚೌಕಟ್ಟಿನಲ್ಲಿ ಎರಡು ಗಾಜು, ನಡುವೆ ಬೆರಳಿನಷ್ಟು ಜಾಗ, ಸುತ್ತ ಸೀಲು. ಕಿಟಕಿ ಮುಚ್ಚಿದ್ದೇ ತಡ ಹೊರಗಿನ ವಾಲಗ ಯಾರೋ ಕತ್ತು ಹಿಸುಕಿದ ಹಾಗೆ ನಿಂತುಬಿಟ್ಟಿತ್ತು. ಮೈಸೂರಿನ ಕಂಪನಿಯೊಂದರಿಂದ ಮೂರು ಕಿಟಕಿಗೆ ಎಷ್ಟಾಗುತ್ತದೆಂದು ಲೆಕ್ಕ ಬರೆಸಿ ತರಿಸಿದರು. ಮೊಣ್ಣಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೊಮ್ಮೆ ಓದಿದ.

"ಇದಕ್ಕಿಂತ ಕಡಿಮೆ ಖರ್ಚಲ್ಲಿ ನಾನು ನಿನ್ನನ್ನ ಮದುವೆ ಆಗಿದ್ದೆ."

"ಅದಕ್ಕೆ ಮೂವತ್ತು ವರ್ಷ ಗ್ಯಾರಂಟಿಯೂ ಸಿಕ್ಕಿತಲ್ಲ ನಿಮಗೆ," ಎಂದಳು ದಮಯಂತಿ.

ಬಾಣಂತನವನ್ನು ಮನೆಯ ಹಿಂಬದಿಯ ಕೋಣೆಗೆ ಬದಲಾಯಿಸಬಹುದಿತ್ತು, ನಿಜ. ಆದರೆ ಬಚ್ಚಲಿಗೆ ಅಂಟಿಕೊಂಡಿರುವುದು ರಸ್ತೆಬದಿಯ ಕೋಣೆ. ಬಾಣಂತಿ ಹಂಡೆಯ ಬಿಸಿನೀರಲ್ಲಿ ಮಿಂದು ನೇರ ಹಾಸಿಗೆಗೆ ಹೋಗಿ ಹೊದ್ದು ಮಲಗಬೇಕೇ ಹೊರತು ಗಾಳಿಯಲ್ಲಿ ಅರ್ಧ ಮನೆ ಸುತ್ತುವುದಲ್ಲ. ಆ ಕೋಣೆಯ ಮೂರು ಮರದ ಕಿಟಕಿಗಳು ಮಳೆಗಾಲದಲ್ಲಿ ಉಬ್ಬಿ ಮುಚ್ಚುತ್ತಿರಲಿಲ್ಲ, ಬೇಸಿಗೆಯಲ್ಲಿ ಒಣಗಿ ಮುಚ್ಚಿದರೂ ಮುಚ್ಚಿದಂತೆ ಆಗುತ್ತಿರಲಿಲ್ಲ. ಸಂದಿಗೆ ತುರುಕಿದ ಪೇಪರಿನಲ್ಲಿ ಹಿಂದಿನ ವರ್ಷಗಳ ಕಾಫಿ ರೇಟನ್ನು ಓದಬಹುದಿತ್ತು.

ದಾರಿ ಹುಡುಕಿದವನು ಮೊಣ್ಣಪ್ಪನೇ. ಕೊಡಗಿನಲ್ಲಿ ರೆಸಾರ್ಟುಗಳು ಹಾವಿನ ಹಾಗೆ, ಆಗಾಗ ಪೊರೆ ಬಿಡುತ್ತವೆ. ಬಿಟ್ಟ ಪೊರೆಯೆಲ್ಲ ಕೊನೆಗೆ ಬಂದು ಸೇರುವುದು ಮಡಿಕೇರಿಯ ಕೆಳಗಿನ ಹಂಸಾಕನ ಗುಜರಿಗೆ. ಈಜುಕೊಳದ ಏಣಿ, ಸ್ನಾನದ ತೊಟ್ಟಿ, ಒಮ್ಮೆ ಒಂದು ಫೈಬರ್ ಆನೆ, ಎಲ್ಲವೂ ಅವನ ತಗಡಿನ ಸೂರಿನಡಿ ಕಾಲ ಕಳೆದಿವೆ. ಮೊಣ್ಣಪ್ಪ ಫೋನ್ ಮಾಡಿದಾಗ ಹಂಸಾಕ, "ಬನ್ನಿ ರೈಟರೇ, ನಿಮ್ಮ ಅದೃಷ್ಟ, ಮೂರೇ ಉಂಟು," ಎಂದ.

ಹೋದದ್ದು ಜುಲೈ ಎರಡನೆಯ ವಾರ. ಆವತ್ತಿನ ಮಂಜು ಎಷ್ಟಿತ್ತೆಂದರೆ ಮೊದಲು ಹಂಸಾಕನ ದನಿ ಬಂತು, ಸ್ವಲ್ಪ ಹೊತ್ತಿನ ಮೇಲೆ ಅವನ ಲುಂಗಿ, ಆಮೇಲೆ ಅವನು. ಕಿಟಕಿಗಳು ಗೋಡೆಗೆ ಒರಗಿ ನಿಂತಿದ್ದವು. ಬಿಳಿ ಪ್ಲಾಸ್ಟಿಕ್ ಚೌಕಟ್ಟು, ಗಟ್ಟಿ ಹಿಡಿಕೆ. ದಮಯಂತಿ ಬೆರಳ ಗೆಣ್ಣಿನಿಂದ ಗಾಜನ್ನು ಕುಟ್ಟಿದಳು, ಎರಡು ಗಾಜಿನ ಭಾರದ ಸದ್ದು ಬಂತು. ಗಾಜೆಲ್ಲ ಮಬ್ಬಾಗಿತ್ತು. ಸೆರಗಿನಿಂದ ಒರೆಸಿ ಆಚೆ ನೋಡಿದಳು. ಬಿಳಿ ಕಂಡಿತು. ಗಾಜಿನ ಆಚೆ ಇದ್ದದ್ದೂ ಬಿಳಿಯೇ ಆದ್ದರಿಂದ ಅದು ಸರಿಯಾಗಿಯೇ ಇದೆ ಎನಿಸಿತು. ಆ ತಿಂಗಳಲ್ಲಿ ಮಡಿಕೇರಿಯವರು ಕನ್ನಡಕ ಮಬ್ಬಾದರೆ, ಕನ್ನಡಿ ಮಬ್ಬಾದರೆ, ಬಸ್ಸಿನ ಗಾಜು ಮಬ್ಬಾದರೆ ಕಾರಣ ಕೇಳುವುದಿಲ್ಲ.

"ಫಸ್ಟ್ ಕ್ಲಾಸ್ ಮಾಲು ಚೇಚಿ," ಎಂದ ಹಂಸಾಕ, ಮಲಯಾಳದಲ್ಲಿ ಅಕ್ಕನೆಂದು ಕರೆದು. "ಫಾರಿನ್ ಟೂರಿಸ್ಟ್ ಎಲ್ಲ ಇದರೊಳಗೆ ಮಲಗಿ ಎದ್ದಿದ್ದಾರೆ."

ಮೈಸೂರಿನವರು ಹೇಳಿದ್ದರ ಹತ್ತನೇ ಒಂದಕ್ಕೆ ಮೂರೂ ಕಿಟಕಿ ಪಿಕಪ್ ಏರಿದವು. ಮೊಣ್ಣಪ್ಪ ಮುಂದೆ ಡ್ರೈವರನ ಪಕ್ಕ ಕೂತು ಮನೆ ಮುಟ್ಟುವವರೆಗೂ ನಗುತ್ತಲೇ ಇದ್ದ. ಅದು ಅವನ ಸ್ವಭಾವವಲ್ಲ.

ಕೂರಿಸಲು ಬಂದವನು ಮಂಜೇಶ, ಶನಿವಾರಸಂತೆ ಕಡೆಯವನು. ಕಿಟಕಿಯನ್ನು ಮೇಲಿಂದ ಕೆಳಗೆ, ಗೋಡೆಯನ್ನು ಕೆಳಗಿಂದ ಮೇಲೆ ನೋಡಿದ.

"ಅಮ್ಮಾ, ಇವು ಅಡ್ಡ ಅವೆ. ನಿಮ್ ಗೋಡೆ ತೂತು ಉದ್ದ ಐತೆ."

"ಹಾಗಾದರೆ?"

"ಅಕ್ಕಪಕ್ಕ ಒಂದೊಂದು ಗೇಣು ಒಡೀಬೇಕು, ಕೆಳಗಡೆ ಒಂದು ಮೊಳ ತುಂಬ್ಬೇಕು. ಆಯ್ತದೆ ಬುಡಿ, ಗೋಡೆ ನಮ್ದೇ ತಾನೆ."

ಗೋಡೆ ಅವನದಾಗಿರಲಿಲ್ಲ, ಆದರೂ ಒಡೆದ. ಮಳೆಗೆ ಅಡ್ಡವಾಗಿ ಟಾರ್ಪಾಲು ಕಟ್ಟಿ ಐದು ದಿನ ಕೆಲಸ ನಡೆಯಿತು. ಸಂದಿ ತುಂಬಲು ನಾಲ್ಕು ಡಬ್ಬ ಫೋಮು ಬೇಕೆಂದ ಕಡೆ ಮೊಣ್ಣಪ್ಪ ಎರಡು ತಂದ, ಉಳಿದದ್ದಕ್ಕೆ ಸಿಮೆಂಟೇ ಗತಿಯಾಯಿತು. ಕಿತ್ತ ಹಳೆ ಚೌಕಟ್ಟುಗಳನ್ನು ದಮಯಂತಿ ಬಚ್ಚಲೊಲೆಗೆಂದು ಸೂರಿನಡಿ ಜೋಡಿಸಿದಳು. ಸರಳು ಹೋಯಿತಲ್ಲ, ಕಳ್ಳ ಬಂದರೆ ಎಂದು ಮೊಣ್ಣಪ್ಪ ಕೇಳಿದ್ದಕ್ಕೆ ಮಂಜೇಶ, "ಬಂದ್ರೂ ನಿಮ್ಗೇನ್ ಕೇಳ್ಸಕಿಲ್ಲ ಸಾರ್, ನೆಮ್ಮದಿಯಾಗ್ ಮಲಗಿ," ಎಂದು ಸಮಾಧಾನ ಹೇಳಿದ.

ಐದನೆಯ ದಿನ ಸಂಜೆ ಮೂರನೆಯ ಕಿಟಕಿಯ ಹಿಡಿಕೆ ತಿರುಗಿಸಿದಾಗ ಕೋಣೆಯೊಳಗೆ ಒಂದು ಹೊಸ ವಸ್ತು ಬಂದಂತಾಯಿತು. ಅದು ಗಡಿಯಾರದ ಟಿಕ್ ಟಿಕ್. ಆ ಗಡಿಯಾರಕ್ಕೆ ಸದ್ದಿದೆ ಎಂದು ಗಂಡ ಹೆಂಡತಿ ಇಬ್ಬರಿಗೂ ಅವತ್ತೇ ಗೊತ್ತಾದದ್ದು. ದಮಯಂತಿ ಆ ರಾತ್ರಿ ಉಷಾರಾಣಿಗೆ ಫೋನ್ ಮಾಡಿ, ಆಟಿ ತಿಂಗಳು ಕಳೆದು ಮಳೆ ಕಮ್ಮಿಯಾದ ಮೇಲೆ ಬನ್ನಿ, ಮೋನಿಷಾಳನ್ನೂ ಕರೆದುಕೊಂಡೇ ಬನ್ನಿ ಎಂದಳು. ದನಿಯಲ್ಲಿ ಸ್ವಲ್ಪ ರಾಗವಿತ್ತು.

ಆಗಸ್ಟ್ ಪೂರ್ತಿ ಸೂರ್ಯ ಕಾಣಲಿಲ್ಲ. ಕಂಡದ್ದು ಸೆಪ್ಟೆಂಬರ್ ಮೊದಲ ವಾರ, ಒಂದು ಶುಕ್ರವಾರ ಬೆಳಿಗ್ಗೆ. ಭಾನುವಾರ ಉಷಾರಾಣಿ ಬರುವುದಿತ್ತು. ಅಂಗಳದಲ್ಲಿ ಬಿಸಿಲು ಬಿದ್ದಿತು, ಎದುರಿನ ಗುಡ್ಡ ಎರಡು ತಿಂಗಳ ನಂತರ ಮುಖ ತೋರಿಸಿತು, ದಮಯಂತಿ ಹಾಸಿಗೆ ಒಣಹಾಕಿ ಕೋಣೆಗೆ ಬಂದು ನೋಡಿದರೆ ಕಿಟಕಿಯ ಆಚೆ ಇನ್ನೂ ಮಂಜು.

ಒದ್ದೆ ಬಟ್ಟೆ ತಂದು ಒರೆಸಿದಳು. ಒಣ ಬಟ್ಟೆ ತಂದು ಒರೆಸಿದಳು. ಆಮೇಲೆ ಗಂಡನನ್ನು ಕರೆದು ಹೊರಗೆ ನಿಲ್ಲಿಸಿದಳು. ಅವನು ಹೊರಗಿನಿಂದ ಒರೆಸಿದ, ಅವಳು ಒಳಗಿನಿಂದ. ಅವನು ಒಂದು ಚುಕ್ಕೆ ತೋರಿಸಿ ಅದು ನಿನ್ನ ಕಡೆ ಎಂದು ಕೈಸನ್ನೆ ಮಾಡಿದ. ಅವಳು ಅದೇ ಚುಕ್ಕೆಗೆ ಬೆರಳಿಟ್ಟು ನಿಮ್ಮ ಕಡೆ ಎಂದಳು. ಅವನು ಏನೋ ಕೂಗಿದ. ಬಾಯಿ ಆಡುವುದಷ್ಟೇ ಕಂಡಿತು. ಆ ಬಾಯಿಯ ಆಕಾರದಿಂದ ಅದು ಒಳ್ಳೆಯ ಮಾತಲ್ಲವೆಂದು ಮೂವತ್ತು ವರ್ಷದ ಸಂಸಾರಕ್ಕೆ ತಿಳಿಯಿತು. ಕಾಲು ಗಂಟೆ ಹೀಗೆ ಒಬ್ಬರಿಗೊಬ್ಬರು ಕೊಳೆ ಹೊರಿಸಿದ ಮೇಲೆ ಇಬ್ಬರ ಬೆರಳೂ ಒಂದೇ ಜಾಗದಲ್ಲಿ, ಗಾಜಿನ ಆಚೆ ಈಚೆ, ನಿಂತುಬಿಟ್ಟವು. ಮಂಜು ಅವನ ಕಡೆಯೂ ಇರಲಿಲ್ಲ, ಅವಳ ಕಡೆಯೂ ಇರಲಿಲ್ಲ. ಎರಡು ಗಾಜಿನ ನಡುವೆ ಆರಾಮಾಗಿ ಕೂತಿತ್ತು.

ಮಂಜೇಶನಿಗೆ ಫೋನ್ ಹೋಯಿತು. "ಓ, ಸೀಲ್ ಹೋಗ್ಯದೆ ಅಮ್ಮ. ಒಳಕ್ಕೆ ತೇವ ಸೇರ್ಕಂಡದೆ. ಒರ್ಸಕ್ಕಾಗಲ್ಲ, ಗಾಜೇ ಬದಲಾಯಿಸ್ಬೇಕು. ನಾನೂ ಮಳೇಲೇ ಕೂರ್ಸಿದ್ದಲ್ವಾ, ಗೊತ್ತಾಗ್ನಿಲ್ಲ."

ಹಂಸಾಕನಿಗೂ ಹೋಯಿತು. ಅವನು ನಿಜವಾಗಿ ನೊಂದುಕೊಂಡ. "ಚೇಚಿ, ಜೂನಲ್ಲಿ ಬಂದ ಮಾಲು ಅದು. ದೇವರಾಣೆ, ನಾನೂ ಬಿಸಿಲಲ್ಲಿ ನೋಡಿಲ್ಲ. ಬೇಡ ಅಂದರೆ ಕಿತ್ತು ತನ್ನಿ, ದುಡ್ಡು ವಾಪಸ್ ಕೊಡ್ತೇನೆ."

ಕಿತ್ತರೆ ಭಾನುವಾರ ಉಷಾರಾಣಿಗೆ ತೋರಿಸಲು ಮೂರು ದೊಡ್ಡ ತೂತುಗಳಿರುತ್ತಿದ್ದವು.

"ಡಿಸೈನೇ ಹಾಗೆ ಅಂತ ಹೇಳುವ," ಎಂದ ಮೊಣ್ಣಪ್ಪ. "ಇಲ್ಲದಿದ್ದರೆ ಪರದೆ ಹಾಕುವ."

"ಪರದೆ ಹಾಕಿದರೆ ಉಷಕ್ಕ ಮೊದಲು ಎತ್ತಿ ನೋಡೂದೇ ಪರದೆಯನ್ನ," ಎಂದಳು ದಮಯಂತಿ. "ಸುಳ್ಳು ಹೇಳೂದು ಬೇಡ. ಕೇಳದಿದ್ದರೆ ಸತ್ಯ ಹೇಳೂದೂ ಬೇಡ."

ಭಾನುವಾರ ಹನ್ನೊಂದಕ್ಕೆ ಅಳಿಯ ತೀರ್ಥಪ್ರಸಾದನ ಕಾರು ಬಂತು. ತಾಯಿಯನ್ನೂ ಹೆಂಡತಿಯನ್ನೂ ಇಳಿಸಿ, ಕುಶಾಲನಗರದಲ್ಲಿ ಕೆಲಸವಿದೆ, ನಾಲ್ಕೂವರೆಗೆ ಬಂದು ಕರೆದೊಯ್ಯುತ್ತೇನೆ ಎಂದು ಹೋದ. ಮೋನಿಷಾಳ ಹೊಟ್ಟೆಗಿಂತ ಮೊದಲು ದಮಯಂತಿಯ ಕಣ್ಣಿಗೆ ಬಿದ್ದದ್ದು ಮಗಳ ಕಣ್ಣಡಿಯ ಕಪ್ಪು.

"ಎಂತ ಆಯಿತು ನಿಂಗೆ?"

"ನಿದ್ದೆ ಇಲ್ಲೆ ಅವ್ವ," ಎಂದಳು ಮೋನಿಷಾ, ಅತ್ತೆ ಕೈಕಾಲು ತೊಳೆಯಲು ಹೋದ ಸಮಯ ನೋಡಿ. "ಮಾವಂಗೆ ಕಿವಿ ಮಂದ ಆದ ಮೇಲೆ ಟಿವಿ ಹೇಗೆ ಇಡ್ತಾರೆ ಗೊತ್ತಾ? ನಮ್ಮ ಮನೆ ವಾರ್ತೆ ಕೇಳಿ ಪಕ್ಕದ ಮನೆಯವರು ಚರ್ಚೆ ಮಾಡ್ತಾರೆ. ಅತ್ತೆಯೂ ನಿದ್ದೆ ಇಲ್ಲದೆಯೇ ಎಲ್ಲರಿಗೂ ಬೈಯೂದು."

ಅಕ್ಕಿ ರೊಟ್ಟಿ, ಕೋಳಿ ಸಾರು ಊಟವಾಯಿತು. ಸಾರಿಗೆ ಉಷಾರಾಣಿ ಎರಡು ಸಲ ಕೈಚಾಚಿದಳು. ಅದು ಒಳ್ಳೆಯ ಸೂಚನೆ. ಆದರೆ ಕೋಣೆಗೆ ಕಾಲಿಟ್ಟೊಡನೆ ಆಕೆ ತೋಟ ಕೊಳ್ಳಲು ಬಂದವಳಂತಾದಳು. ಸಿಮೆಂಟಿನ ತೇಪೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಹಾಸಿಗೆಯಡಿ ಬಗ್ಗಿ ನೋಡಿದಳು. ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿದಳು. ಕೊನೆಗೆ ಕಿಟಕಿಯ ಮುಂದೆ ನಿಂತಳು. ಹೊರಗೆ ಬಿಸಿಲು ಫಳಫಳ ಹೊಡೆಯುತ್ತಿತ್ತು.

"ಇದೆಂತ ಅಕ್ಕ? ಗಾಜಿನ ಒಳಗೆ ಮಂಜು?"

"ಅದು ಡಿಸೈ..." ಎಂದು ಮೊಣ್ಣಪ್ಪ ಶುರು ಮಾಡಿದ.

ದಮಯಂತಿ ಗಂಡನ ಮಾತನ್ನು ಕಡಿದಳು. ಬೀಗಿತ್ತಿ ಕೇಳಿಯೇ ಬಿಟ್ಟಿದ್ದಳಲ್ಲ. "ಡಿಸೈನ್ ಅಲ್ಲ ಅಕ್ಕ. ಗುಜರಿಯಿಂದ ತಂದದ್ದು. ಹೊಸತಕ್ಕೆ ನಮ್ಮ ಕೈ ಎಟುಕಲಿಲ್ಲೆ. ಒಳಗಿನ ಸೀಲು ಹಾಳಾಗಿದೆ. ತರುವಾಗ ಮಂಜಿತ್ತು, ಹಾಗೆ ಕಾಣಲಿಲ್ಲೆ."

ಉಷಾರಾಣಿ ಒಂದು ಕ್ಷಣ ಕಿಟಕಿಯನ್ನು, ಒಂದು ಕ್ಷಣ ದಮಯಂತಿಯನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಕ್ಕ! ಎಲ್ಲರೂ ಮಂಜು ಹೊರಗೆ ಹಾಕಲಿಕ್ಕೆ ಕಿಟಕಿ ಇಡ್ತಾರೆ. ನೀವು ಅದಕ್ಕೇ ಒಂದು ಕೋಣೆ ಮಾಡಿಕೊಟ್ಟಿದ್ದೀರಿ!"

ದಮಯಂತಿಯೂ ನಕ್ಕಳು, ನಗದೆ ವಿಧಿಯಿರಲಿಲ್ಲ. ಆದರೆ ಅಡಿಗೆಮನೆಗೆ ಬಂದು ಕಾಫಿಗೆ ಕೂತ ಮೇಲೆ ಉಷಾರಾಣಿ ತೀರ್ಪು ಕೊಟ್ಟಳು. ಮೃದುವಾಗಿಯೇ ಕೊಟ್ಟಳು, ಅದೇ ಹೆಚ್ಚು ನೋಯಿಸಿತು. "ಬೇಜಾರು ಮಾಡಬೇಡಿ. ಹೊರಗೆ ಎಂತದೂ ಕಾಣೂದಿಲ್ಲೆ, ಬಾಳಂತಿಗೆ ಮನಸ್ಸು ಕುಗ್ಗುತ್ತದೆ. ನಮ್ಮಲ್ಲೇ ಇರಲಿ. ನೀವು ಅಷ್ಟು ಕಷ್ಟಪಟ್ಟಿರಿ, ಅದು ನಂಗೆ ಗೊತ್ತುಟ್ಟು."

ದಮಯಂತಿ ಲೋಟದೊಳಗಿನ ಕಾಫಿಯನ್ನೇ ನೋಡುತ್ತಿದ್ದಳು. ತೊಟ್ಟಿಲಿಗೆಂದು ತಾನು ಹೊಲಿದಿಟ್ಟ ನಾಲ್ಕು ಹಳೆ ಸೀರೆಯ ಬಟ್ಟೆಗಳನ್ನು ಇನ್ನು ಚೀಲಕ್ಕೆ ತುಂಬಿ ಘಟ್ಟ ಇಳಿಸಬೇಕು, ಅಷ್ಟೇ. ವಾದ ಮಾಡಲು ಬಾಯಿ ತೆರೆದಳು. ಆದರೆ ಸತ್ಯ ಹೇಳಿಯಾಗಿತ್ತು, ಅದರ ಮೇಲೆ ಇನ್ನೇನು ವಾದ?

ಮೋನಿಷಾ ಐದು ನಿಮಿಷ ಕಾಲು ಚಾಚುತ್ತೇನೆಂದು ಒಂದೂವರೆಗೆ ಆ ಕೋಣೆಯಲ್ಲೇ ಮಲಗಿದವಳು ನಾಲ್ಕಾದರೂ ಎದ್ದಿರಲಿಲ್ಲ. ಎರಡು ಸಲ ಬಾಗಿಲಿಂದ ಇಣುಕಿದ ದಮಯಂತಿಗೆ ಎಬ್ಬಿಸಲು ಮನಸ್ಸಾಗಲಿಲ್ಲ. ಬಾಯಿ ತುಸು ತೆರೆದು, ಕೈ ಹೊಟ್ಟೆಯ ಮೇಲಿಟ್ಟು, ಮಗಳು ಐದನೇ ಕ್ಲಾಸಿನಲ್ಲಿ ಮಲಗುತ್ತಿದ್ದ ಹಾಗೆಯೇ ಮಲಗಿದ್ದಳು.

ನಾಲ್ಕೂಕಾಲಿಗೆ ಉಷಾರಾಣಿ ಗಡಿಯಾರ ನೋಡಿದಳು. "ತೀರ್ಥ ಬರುವ ಹೊತ್ತಾಯ್ತು. ನೀವು ಕೂತಿರಿ, ನಾನು ಎಬ್ಬಿಸ್ತೆ," ಎಂದು ಎದ್ದು ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು.

ಐದು ನಿಮಿಷವಾಯಿತು. ಹತ್ತಾಯಿತು. ಮೊಣ್ಣಪ್ಪ ಹೆಂಡತಿಯ ಮುಖ ನೋಡಿದ. "ಒಳಗೆ ಸೊಸೆಗೆ ಬುದ್ಧಿ ಹೇಳ್ತಾ ಇರಬೇಕು," ಎಂದ. "ಕೇಳೂದೇ ಇಲ್ಲೆ ನೋಡು ಎಂತದೂ. ಒಳ್ಳೆ ಕಿಟಕಿ."

"ಬಾಗಿಲಿಗೂ ಕಿಟಕಿಗೂ ಎಂತ ಸಂಬಂಧ?"

"ಮತ್ತೆ ಯಾಕೆ ಕೇಳೂದಿಲ್ಲೆ?"

ಸರಿಯಾಗಿ ನಾಲ್ಕೂವರೆಗೆ ತೀರ್ಥಪ್ರಸಾದನ ಕಾರು ಬಂತು. ಕೋಣೆಯ ಕಿಟಕಿಗೆ ಐದಡಿ ದೂರದಲ್ಲಿ ನಿಲ್ಲಿಸಿ ಹಾರ್ನ್ ಹೊಡೆದ. ಇನ್ನೊಮ್ಮೆ ಹೊಡೆದ. ಅಡಿಗೆಮನೆಯಲ್ಲಿ ಕೂತ ದಮಯಂತಿ ಬೆಚ್ಚಿದಳು, ಅಂಗಳದ ಕೋಳಿಗಳು ಬೇಲಿ ಹಾರಿದವು. ಕೋಣೆಯ ಬಾಗಿಲು ಮಾತ್ರ ತೆರೆಯಲಿಲ್ಲ.

ದಮಯಂತಿ ಮೆಲ್ಲಗೆ ಹೋಗಿ ಬಾಗಿಲನ್ನು ಒಂದು ಬೆರಳಷ್ಟು ತಳ್ಳಿದಳು. ಕಿಟಕಿಯಿಂದ ಬರುತ್ತಿದ್ದ ಬೆಳಕು ಹಾಲಿನಲ್ಲಿ ಅದ್ದಿ ತೆಗೆದಂತೆ ಮೆತ್ತಗಿತ್ತು. ಗಾಜಿನಲ್ಲಿ ಒಂದು ದೊಡ್ಡ ಬೂದು ಆಕಾರ ಎಡದಿಂದ ಬಲಕ್ಕೆ ಸರಿದು ಹೋಯಿತು. ಲಾರಿ ಇರಬೇಕು, ಅಷ್ಟು ಮೆತ್ತಗೆ ಹೋಗುವ ಲಾರಿಯನ್ನು ಅವಳು ಇದುವರೆಗೆ ನೋಡಿರಲಿಲ್ಲ. ಹಾಸಿಗೆಯಲ್ಲಿ ಮೋನಿಷಾ. ಅವಳ ಕಾಲ ಬಳಿ, ಎಬ್ಬಿಸಲು ಕೂತ ಜಾಗದಲ್ಲೇ ಒರಗಿ, ಕನ್ನಡಕ ಮೂಗಿನ ತುದಿಗೆ ಜಾರಿ, ಸೊಸೆಯ ಕಾಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಉಷಾರಾಣಿ ಗೊರಕೆ ಹೊಡೆಯುತ್ತಿದ್ದಳು.

ದಮಯಂತಿ ಬಾಗಿಲು ಎಳೆದುಕೊಂಡು, ಅಂಗಳಕ್ಕೆ ಬಂದು ಅಳಿಯನ ಹಾರ್ನಿನ ಮೇಲಿನ ಕೈ ಹಿಡಿದಳು. "ಒಳಗೆ ಬಂದು ಕಾಫಿ ಕುಡಿ. ನಿನ್ನ ಅವ್ವ ಕೋಣೆ ನೋಡ್ತಾ ಇದ್ದಾರೆ."

ಉಷಾರಾಣಿ ಹೊರಬಂದದ್ದು ಆರಕ್ಕೆ. ಕೆನ್ನೆಯ ಮೇಲೆ ಹೊದಿಕೆಯ ಮಡಿಕೆಯ ಗುರುತು ಅಚ್ಚೊತ್ತಿತ್ತು, ತುರುಬು ಒಂದು ಕಡೆಗೆ ವಾಲಿತ್ತು. ಎಲ್ಲರೂ ಬೇರೆ ಬೇರೆ ಕಡೆ ನೋಡಿದರು. ಮೊಣ್ಣಪ್ಪ ಬಾಯಿ ತೆರೆಯುವ ಮೊದಲೇ ದಮಯಂತಿ ಅವನ ಕೈಗೆ ಚಕ್ಕುಲಿಯ ತಟ್ಟೆ ಕೊಟ್ಟಳು.

"ಕೂತೇ ನೋಡಿದೆ," ಎಂದಳು ಉಷಾರಾಣಿ, ಯಾರೂ ಕೇಳದಿದ್ದರೂ. "ನಿಂತು ನೋಡಿದರೆ ಒಂದು ಕೋಣೆಯ ಗುಣ ಗೊತ್ತಾಗೂದಿಲ್ಲೆ."

"ಹೌದಕ್ಕ," ಎಂದಳು ದಮಯಂತಿ.

"ಬೆಳಕು ಕಣ್ಣಿಗೆ ಚುಚ್ಚೂದಿಲ್ಲೆ. ರಸ್ತೆಯಲ್ಲಿ ಹೋಗುವವರಿಗೂ ಎಂತ ಕಾಣೂದಿಲ್ಲೆ. ಬಾಳಂತಿ ಕೋಣೆಗೆ ಅಷ್ಟೂ ಇರದಿದ್ದರೆ ಹೇಗೆ?" ಮನಸ್ಸು ಕುಗ್ಗುವ ವಿಷಯ ಯಾರೂ ಎತ್ತಲಿಲ್ಲ.

"ಹೊರಡುವನಾ ಅವ್ವ?" ಎಂದ ತೀರ್ಥಪ್ರಸಾದ, ಕೀಲಿ ಕೈಯಲ್ಲಿ ಹಿಡಿದು.

"ನೀ ಹೋಗು. ಅವಳು ಇನ್ನೂ ಎದ್ದಿಲ್ಲೆ, ಎಬ್ಬಿಸಬೇಡ. ನಾಳೆ ಅವಳ ಬಟ್ಟೆಬರೆ ಎಲ್ಲ ತಕೊಂಡು ಬಾ. ಸೀಮಂತಕ್ಕೆ ಕರೆದುಕೊಂಡು ಹೋಗಿ ವಾಪಸು ಇಲ್ಲಿಗೇ ಬಿಟ್ಟರಾಯ್ತು. ಎಣ್ಣೆ, ಕಷಾಯದ ಬೇರು ನಾನು ಕಳಿಸ್ತೆ, ಅದರಲ್ಲಿ ಇವರದ್ದು ನಡೆಯೂದಿಲ್ಲೆ."

ದಮಯಂತಿ ಎಣ್ಣೆಯನ್ನೂ ಬೇರನ್ನೂ ಸಂತೋಷವಾಗಿ ಬಿಟ್ಟುಕೊಟ್ಟಳು.

"ಮತ್ತೆ ನೀವು?" ಎಂದ ಮಗ.

"ಹಗಲು ನೋಡಿ ಆಯ್ತು. ರಾತ್ರಿ ಚಳಿ ಹೇಗುಟ್ಟೂಂತ ನೋಡದೆ ಹೇಗೆ ಬರೂದು? ಜವಾಬ್ದಾರಿ ಅಲ್ವಾ," ಎಂದು ಉಷಾರಾಣಿ ತುರುಬು ಬಿಚ್ಚಿ ಮತ್ತೆ ಕಟ್ಟಿಕೊಂಡಳು. "ನಿನ್ನ ಅಪ್ಪಂಗೆ ಹೇಳು, ಒಂದು ರಾತ್ರಿ ಸಾಕಾಗದಿದ್ದರೆ ಎರಡು ರಾತ್ರಿ ನೋಡ್ತೆ."

ದಮಯಂತಿ ಒಳಗೆ ಹೋಗಿ ಪಾತ್ರೆಗೆ ಇನ್ನೊಂದು ಸೇರು ಅಕ್ಕಿ ಹಾಕಿದಳು. ಊಟವಾದ ಮೇಲೆ ಬೀಗಿತ್ತಿಗೆ ಆ ಕೋಣೆಯಲ್ಲೇ, ಮೋನಿಷಾಳ ಮಂಚದ ಪಕ್ಕ, ಹಾಸಿಗೆ ಹಾಸಿಕೊಟ್ಟು ಎರಡು ಕಂಬಳಿ ಇಟ್ಟು ಬಂದಳು. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ಅರ್ಧ ತೆರೆಯಿತು, ಒಂದು ಕೈ ಹೊರಬಂತು, ಒಂದು ಕಂಬಳಿ ವಾಪಸು ಬಂತು.